ಎರಡು ಲೇಔಟ್ ಮಧ್ಯೆ ಕಾಲುದಾರಿ, ಸೈಕಲ್ ದಾರಿ ಬೇಕಾ? ಬೆಂಗಳೂರಲ್ಲಿ ಹೀಗೆ ಕೇಳಿ

ಪಕ್ಕದ ಲೇಔಟ್‌ನಲ್ಲಿರೋ ಸ್ಕೂಲು ಇಲ್ಲಿಂದ್ಲೇ ಕಾಣ್ತಿರತ್ತೆ, ಆದ್ರೆ ಮಧ್ಯೆ ಒಂದು ಕಾಂಪೌಂಡ್ ಗೋಡೆನೋ ರಾಜಕಾಲುವೆನೋ ಬೀಗ ಹಾಕಿರೋ ಪಾರ್ಕ್ ಗೇಟೋ ಇರತ್ತೆ, ಅದಕ್ಕೇ ಮಕ್ಕಳು ಮೇನ್ ರೋಡಿಗೆ ಬಂದು ಬಸ್ಸು, ಟ್ಯಾಂಕರ್ ಮಧ್ಯೆ ಸುತ್ತಾಕ್ಕೊಂಡು ಹೋಗ್ಬೇಕು. ಬೆಂಗಳೂರಿನ ಎಷ್ಟೋ ಏರಿಯಾದಲ್ಲಿ ಇದೇ ಕಥೆ. ಹಂಗಂತ "ನಮ್ಮ ಏರಿಯಾಗೆ ಸೈಕಲ್ ಟ್ರ್ಯಾಕ್ ಕೊಡಿ" ಅಂತ ಅರ್ಜಿ ಹಾಕ್ಬೇಡಿ. ಅದನ್ನ ಯಾವ ಇಂಜಿನಿಯರೂ ಕೈಗೆತ್ಕೊಳ್ಳಕ್ಕಾಗಲ್ಲ. "ಈ ಪಾರ್ಕಿನ ಹಿಂದಿನ ಗೇಟಿಂದ ಆ ಕ್ರಾಸ್‌ವರೆಗೆ ಇಷ್ಟು ಮೀಟರ್ ದಾರಿ ಮಾಡ್ಕೊಡಿ" ಅಂತ ಕೇಳಿ, ಅದಕ್ಕೆ ಎಸ್ಟಿಮೇಟ್ ಹಾಕ್ಬೋದು.

ಮೊದಲನೇ ಕೆಲಸ, ಆ ಜಾಗ ಯಾರ್ದು ಅಂತ ಪತ್ತೆ ಮಾಡೋದು. ನನ್ನ ಪ್ರಕಾರ ಅರ್ಧ ಕೆಲಸ ಇದೇನೇ. ದಿಶಾಂಕ್ ಆಪ್ ಹಾಕ್ಕೊಂಡು ಆ ಜಾಗದಲ್ಲೇ ನಿಂತ್ರೆ ಸರ್ವೆ ನಂಬರ್ ತೋರ್ಸತ್ತೆ. ಆಮೇಲೆ ಭೂದಾಖಲೆ ಇಲಾಖೆ ವೆಬ್‌ಸೈಟಿಂದ ಹಳೇ ಗ್ರಾಮನಕ್ಷೆ ಇಳಿಸ್ಕೊಳ್ಳಿ. ಬೆಂಗಳೂರಿನ ಎಷ್ಟೋ ಲೇಔಟ್‌ಗಳು ಮೊದ್ಲು ಹಳ್ಳಿ ಹೊಲಗಳೇ ಅಲ್ವಾ, ಆ ನಕ್ಷೇಲಿ ಬಂಡಿದಾರಿ, ಕಾಲುದಾರಿ ಗುರುತು ಇರತ್ತೆ. ನೀವು ಕೇಳ್ತಿರೋ ಕಡೇನೇ ಅಂಥದ್ದೊಂದು ಗೆರೆ ಹಾದು ಹೋಗಿದ್ರೆ ನಿಮ್ಮ ಮಾತಿಗೆ ತೂಕ ಬರತ್ತೆ, ಯಾಕಂದ್ರೆ ಹೊಸ ದಾರಿ ಮಾಡಿ ಅನ್ನೋ ಬದ್ಲು ಇದ್ದ ದಾರೀನೇ ಮತ್ತೆ ಬಿಡಿಸ್ಕೊಡಿ ಅಂತ ಕೇಳ್ಬೋದು. ಬಿ ಖರಾಬು ಅಂತ ದಾಖಲೇಲಿದ್ರೆ ಅದು ಸಾರ್ವಜನಿಕ ಬಳಕೆ ಜಾಗ, ಅದನ್ನೂ ಬರ್ಕೊಳ್ಳಿ.

ಜಾಗ ಗೊತ್ತಾದ್ರೆ ಯಾವ ಆಫೀಸು ಅನ್ನೋದೂ ಗೊತ್ತಾಗತ್ತೆ. 2025ರ ಸೆಪ್ಟೆಂಬರಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಿವೆ, ನಿಮ್ದು ಯಾವ ಪಾಲಿಕೆ ಅಂತ ಮೊದ್ಲು ನೋಡ್ಕೊಳ್ಳಿ. ಒಳಗಿನ ರಸ್ತೆ ಆದ್ರೆ ವಾರ್ಡ್ ಇಂಜಿನಿಯರ್, ರಾಜಕಾಲುವೆ ಪಕ್ಕ ಆದ್ರೆ ಮಳೆನೀರು ಕಾಲುವೆ ವಿಭಾಗ, ಕೆರೆ ಏರಿ ಆದ್ರೆ ಕೆರೆ ವಿಭಾಗ, ಬಿಡಿಎ ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂದ್ರೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ). ಕಾಲುವೆ ಪಕ್ಕ ದಾರಿ ಆಗಲ್ಲ ಅಂದ್ರೆ ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲ ಕಡೆ ಹೋಗೋ ಕೆ-100 ರಾಜಕಾಲುವೆ ತೋರ್ಸಿ, ಅಲ್ಲಿ ಮಾಡಿದಾರಲ್ಲ. ದಾಖಲೆ ಕೊಡ್ತಿಲ್ಲ ಅಂದ್ರೆ ಆರ್‌ಟಿಐ ಹಾಕಿ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಬೇರೆ ಇದೆ, ಚಿಕ್ಕದಾಗಿ ಬರೀರಿ.

ಇನ್ನು ಜನ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆ ಜಾಗದಲ್ಲಿ ನಿಂತು ಯಾರ್ಯಾರು ಸುತ್ತಿ ಹೋಗ್ತಾರೆ, ಗೋಡೆ ಹತ್ತಿ ಇಳೀತಾರೆ ಅಂತ ಎಣಿಸಿ. ಮನೆಕೆಲಸದ ಅಕ್ಕಂದಿರು, ಸೆಕ್ಯುರಿಟಿಯವ್ರು, ಡೆಲಿವರಿ ಹುಡುಗ್ರು, ಸ್ಕೂಲ್ ಮಕ್ಕಳು, ದಿನಾ ನಡೆಯೋರು ಇವ್ರೇ, ಆದ್ರೆ ಅಸೋಸಿಯೇಷನ್ ಮೀಟಿಂಗಲ್ಲಿ ಇವ್ರು ಯಾರೂ ಇರಲ್ಲ. ಅವ್ರ ಸಹಿ ಇಲ್ಲದ ಅರ್ಜಿ ಕೊಡ್ಲೇಬೇಡಿ, ಮೀಟಿಂಗ್ ಇಡೋದಾದ್ರೂ ಅವ್ರಿಗೆ ಬಿಡುವಿರೋ ಹೊತ್ತಲ್ಲಿ ಇಡಿ.

ವಿರೋಧ ಬಂದೇ ಬರತ್ತೆ, ಅದೂ ಪಕ್ಕದ ಮನೆಯವ್ರಿಂದಾನೇ. ಕಳ್ಳತನ ಆಗತ್ತೆ, ಬೈಕ್ ನುಗ್ಗತ್ತೆ ಅಂತಾರೆ. ಆ ಭಯಾನ ತಳ್ಳಿಹಾಕ್ಬೇಡಿ, ಬೈಕ್ ವಿಷ್ಯ ನಿಜ. ವೀಲ್‌ಚೇರ್ ಹೋಗೋ ಗ್ಯಾಪಲ್ಲಿ ಸ್ಕೂಟರೂ ಹೋಗತ್ತೆ, ಬರೀ ಕಂಬ ನೆಟ್ರೆ ನಿಲ್ಲಲ್ಲ, ಹಂಗಂತ ವೀಲ್‌ಚೇರೇ ಹೋಗದಂಗೆ ತಿರುಗೋ ಗೇಟ್ ಹಾಕಿಸೋದು ತಪ್ಪು. ಒಳ್ಳೇ ಲೈಟು, ಒಂದು ಕ್ಯಾಮೆರಾ, ರಾತ್ರಿ ಹತ್ತಕ್ಕೆ ಗೇಟ್ ಹಾಕೋದು, ಹಿಂಗೆ ಒಂದು ತಿಂಗ್ಳು ಟ್ರಯಲ್ ಮಾಡೋಣ, ಸರಿಬರ್ಲಿಲ್ಲ ಅಂದ್ರೆ ಕೂತು ಮಾತಾಡೋಣ ಅನ್ನಿ. ಶಾಶ್ವತವಾಗಿ ದಾರಿ ಬಿಡಿ ಅಂದಾಗ ಬೇಡ ಅನ್ನೋರೂ ಟ್ರಯಲ್‌ಗೆ ಒಪ್ಪೋ ಸಾಧ್ಯತೆ ಜಾಸ್ತಿ.

ಅರ್ಜಿ ಒಂದೇ ಪುಟ ಇರ್ಲಿ: ಕೈಯಲ್ಲಿ ಬರೆದ ಮ್ಯಾಪು, ಎರಡು ಫೋಟೋ, ಸರ್ವೆ ನಂಬರ್, ಎಣಿಕೆ, ಮತ್ತೆ ಏನು ಬೇಕು ಅನ್ನೋದು. ರಸ್ತೆಗಳಿಗೆ ಮಾನದಂಡ ಹಾಕೋ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಪ್ರಕಾರ ಫುಟ್‌ಪಾತಲ್ಲಿ ಅಡೆತಡೆ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರ್ಬೇಕು, ಆ ಅಳತೆನೇ ಬರೀರಿ. ಸೈಕಲ್ಲೂ ಅದ್ರಲ್ಲೇ ಓಡೋದಾದ್ರೆ ಇನ್ನೂ ಅಗಲ ಕೇಳಿ. ಫುಟ್‌ಪಾತ್ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸೋ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ, ಅದಕ್ಕೂ ಒಂದು ಸಾಲು ಇಡಿ. ಪಾಲಿಕೆ ಬಜೆಟ್ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಬರೋದ್ರಿಂದ ಡಿಸೆಂಬರ್ ಒಳಗೇ ಕೊಟ್ಬಿಡಿ, ಸೀಲ್ ಹಾಕಿರೋ ಸ್ವೀಕೃತಿ ಇಸ್ಕೊಳ್ದೆ ಆಫೀಸಿಂದ ಎದ್ದು ಬರ್ಬೇಡಿ, ಒಂದು ಕಾಪಿ ಎಂಎಲ್‌ಎ ಆಫೀಸಿಗೂ ಇನ್ನೊಂದು ನಗರ ಭೂಸಾರಿಗೆ ನಿರ್ದೇಶನಾಲಯಕ್ಕೂ ಹೋಗ್ಲಿ.

ಇಂಜಿನಿಯರ್‌ನ ಜಾಗಕ್ಕೆ ಕರ್ಕೊಂಡು ಬಂದು ಜೊತೇಲಿ ನಡೆಸಿ, ಆಗ್ಲೇ ಅವ್ರಿಗೂ ಸಮಸ್ಯೆ ಅರ್ಥ ಆಗೋದು. ಅವ್ರಿಗೆ ವರ್ಗ ಆಗ್ಬಿಟ್ರೆ ಹೊಸಬ್ರಿಗೆ ಅದೇ ಪುಟ ಮತ್ತೆ ಕೊಡಿ. ದಾರಿ ಆದ್ಮೇಲೆ ಎರಡೂ ತುದೀಲಿ ಪಾಲಿಕೆ ಬೋರ್ಡ್ ಹಾಕ್ಸಿ, ಪಾಲಿಕೆಯ ರಸ್ತೆ ದಾಖಲೇಲಿ ಅದನ್ನ ಸೇರ್ಸಿ ಅಂತ ಬರವಣಿಗೇಲಿ ಕೇಳಿ. ದಾಖಲೇಲಿ ಇಲ್ಲದಿದ್ರೆ ನಾಳೆ ಯಾರಾದ್ರೂ ಗೋಡೆ ಎಬ್ಬಿಸಿದಾಗ ತೋರ್ಸಕ್ಕೆ ನಿಮ್ಹತ್ರ ಏನೂ ಇರಲ್ಲ.