ಕುಳ್ಳ ಸ್ಟಾಪರ್, ಆರು ಜೋಡಿ: ನಮ್ಮ ಡಿಫೆನ್ಸ್ ನಿಂತಿದ್ದು ಹೀಗೆ

ಈ ಸೀಸನ್ನಿನ 18 ಪಂದ್ಯಗಳಲ್ಲಿ ನಮ್ಮ ಫುಟ್‌ಬಾಲ್ ತಂಡ ಬಿಟ್ಟುಕೊಟ್ಟಿದ್ದು 11 ಗೋಲು. ಹೋದ ಸೀಸನ್ನಿನಲ್ಲಿ ಅಷ್ಟೇ ಪಂದ್ಯಗಳಿಗೆ 37ರ ಆಸುಪಾಸು ಆಗಿತ್ತು. ಕೀಪರ್ ಅದೇ ಹುಡುಗ. ಮಿಡ್‌ಫೀಲ್ಡ್ ಹೆಚ್ಚುಕಮ್ಮಿ ಅದೇ. ಬದಲಾಗಿದ್ದು ಹಿಂದೆ ನಿಲ್ಲುವ ನಾಲ್ವರು ಡಿಫೆಂಡರ್‌ಗಳನ್ನು ಆರಿಸುವ ರೀತಿ ಮಾತ್ರ. "ಇದೆಲ್ಲ ನೋಟ್‌ಬುಕ್ಕಿನಲ್ಲಿ ಚೆನ್ನಾಗಿರುತ್ತೆ, ಮೈದಾನದಲ್ಲಿ ನಡೆಯಲ್ಲ" ಅಂತ ಕಮಿಟಿಯವರೂ ಹೇಳಿದ್ದರು, ಪರಿಚಯದ ಕೋಚ್‌ಗಳೂ ಹೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸೀಸನ್ನಿನಲ್ಲಿ ನಾನೂ ಎಲ್ಲರೂ ಮಾಡುವುದನ್ನೇ ಮಾಡಿದ್ದೆ. ಹೆಡರ್, ಟ್ಯಾಕಲ್, ಓಟ, ಪಾಸ್ ಅಂತ ಒಬ್ಬೊಬ್ಬರಿಗೂ ಅಂಕ ಹಾಕಿ, ಜಾಸ್ತಿ ಬಂದ ನಾಲ್ವರನ್ನು ಇಳಿಸಿದೆ. ಅದೂ ಸಾಲದು ಅಂತ ಹೊರಗಿನಿಂದ ಆರಡಿ ಮೂರಂಗುಲದ ಸ್ಟಾಪರ್ (ನಡುವೆ ನಿಲ್ಲುವ ಡಿಫೆಂಡರ್) ಒಬ್ಬನನ್ನು ತಂದೆವು. ಆ ವರ್ಷ ಆಟಗಾರರಿಗೆ ಅಂತ ತೆಗೆದಿಟ್ಟಿದ್ದ ದುಡ್ಡಿನಲ್ಲಿ ಸುಮಾರು ಮುಕ್ಕಾಲು ಪಾಲು ಅವನೊಬ್ಬನಿಗೇ ಹೋಯಿತು. ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಲ್ಲಿ ಮೊದಲೇ ಇದ್ದ ಸ್ಟಾಪರ್ ಕೂಡ ಅದೇ ಥರದವನು. ಚೆಂಡು ಕಂಡರೆ ಮುಂದೆ ನುಗ್ಗುವವನು.

ಆ ಸೀಸನ್ನಿನ ಒಂದು ಗೋಲು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎದುರಿನ ಕೀಪರ್ ಉದ್ದಕ್ಕೆ ಒದ್ದ. ಚೆಂಡು ಸೆಂಟರ್ ಸರ್ಕಲ್ ದಾಟಿ ಇಳಿಯುತ್ತಿತ್ತು. ನಮ್ಮ ಇಬ್ಬರು ಸ್ಟಾಪರ್‌ಗಳೂ "ನಂದು" ಅಂತ ಕೂಗಿದರು, ಇಬ್ಬರೂ ಹಾರಿದರು. ಭುಜಕ್ಕೆ ಭುಜ ಬಡಿಯಿತು. ಚೆಂಡು ಒಬ್ಬನ ಕೂದಲು ಸವರಿಕೊಂಡು ಹಿಂದೆ ಬಿತ್ತು. ಅವರ ಸ್ಟ್ರೈಕರ್ ಹಾರಿಯೇ ಇರಲಿಲ್ಲ. ಸುಮ್ನೆ ತಿರುಗಿ ನಡೆದ, ಚೆಂಡು ಎರಡನೇ ಸಲ ಪುಟಿದಾಗ ಕಾಲಿಗೆ ತೆಗೆದುಕೊಂಡ, ಅರ್ಧಕ್ಕೆ ಬಂದು ನಿಂತಿದ್ದ ಕೀಪರ್‌ನ ತಲೆ ಮೇಲಿಂದ ಎತ್ತಿ ಹಾಕಿದ. ನನ್ನ ಪಟ್ಟಿಯಲ್ಲಿ ಆ ಇಬ್ಬರಿಗೂ ಹೆಡರ್‌ಗೆ 10ಕ್ಕೆ 9 ಇತ್ತು. ಆ ರಾತ್ರಿ ಪಟ್ಟಿ ಹರಿದು ಹಾಕಿದೆ.

ಆಮೇಲೆ ಲೆಕ್ಕಕ್ಕೆ ಕೂತೆ. ನಮ್ಮಲ್ಲಿ ಡಿಫೆಂಡರ್‌ಗಳು 8 ಜನ. ಯಾರನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂದರೆ 1680 ಬಗೆ ಆಗುತ್ತದೆ. ಆದರೆ ನಿಜದಲ್ಲಿ ಬಲಬದಿ ಕಾಯುವ ರೈಟ್ ಬ್ಯಾಕ್ ಇಬ್ಬರು, ಎಡಬದಿಯ ಲೆಫ್ಟ್ ಬ್ಯಾಕ್ ಇಬ್ಬರು, ಸ್ಟಾಪರ್ ನಾಲ್ವರು. ನಾಲ್ವರು ಸ್ಟಾಪರ್‌ಗಳಲ್ಲಿ ಜೋಡಿ ಆಗುವುದು 6. ಎರಡು ಬದಿಯದೂ ಸೇರಿಸಿದರೆ 24 ತಂಡ. 24ನ್ನೂ ಪಂದ್ಯದಲ್ಲಿ ಇಳಿಸಿ ನೋಡೋಣ ಅಂದರೆ ಸೀಸನ್ನೇ ಮುಗಿದು ಹೋಗುತ್ತದೆ, ಅಲ್ವಾ? ಹಾಗಾಗಿ ಎರಡು ಹಂತ ಮಾಡಿದೆ. ಮೊದಲು ಬದಿಯವರನ್ನು ಬದಲಿಸದೆ ನಡುವಿನ 6 ಜೋಡಿ. ಜೋಡಿ ಗಟ್ಟಿಯಾದ ಮೇಲೆ ಬದಿಯ 4 ಬಗೆ. ಒಟ್ಟು 10 ಪರೀಕ್ಷೆ, ಅಷ್ಟೇ.

ಪರೀಕ್ಷೆಗೆ ಆರಿಸಿದ್ದು ಇಟಲಿಯ ಕೋಚ್ ಅರಿಗೊ ಸಾಕಿ ತಮ್ಮ ಎಸಿ ಮಿಲಾನ್ ತಂಡದಲ್ಲಿ ಮಾಡಿಸಿದ ಆಟ. ಕೀಪರ್ ಜೊತೆ ಬರೇಸಿ, ಮಾಲ್ದಿನಿ, ಕೊಸ್ಟಾಕುರ್ಟಾ, ತಸ್ಸೊಟ್ಟಿ ಈ ನಾಲ್ವರು ಡಿಫೆಂಡರ್‌ಗಳನ್ನಷ್ಟೇ ನಿಲ್ಲಿಸಿ, ಎದುರಿಗೆ ಗುಲ್ಲಿಟ್, ವಾನ್ ಬಾಸ್ಟನ್ ಇದ್ದ 10 ಜನರನ್ನು ಬಿಟ್ಟಿದ್ದರು. 15 ನಿಮಿಷ. ಚೆಂಡು ಕಳೆದುಕೊಂಡರೆ ದಾಳಿಯವರು ತಮ್ಮ ಅರ್ಧದಿಂದ ಮತ್ತೆ ಶುರು ಮಾಡಬೇಕು. ಒಂದು ಗೋಲೂ ಆಗಲಿಲ್ಲ. ನಾನು ದಾಳಿಗೆ 8 ಜನ ಇಟ್ಟೆ, 12 ನಿಮಿಷದ ಸುತ್ತು ಮಾಡಿದೆ, ಪ್ರತಿ ಜೋಡಿಗೂ 4 ಸುತ್ತು.

ಗೋಲು ಎಣಿಸಲಿಲ್ಲ. ಅದರಲ್ಲಿ ಅದೃಷ್ಟ ಜಾಸ್ತಿ. ಎಣಿಸಿದ್ದು ಎರಡೇ ಸಂಗತಿ. ಎದುರಾಳಿ ಚೆಂಡಿನ ಜೊತೆ, ಗೋಲಿನ ಕಡೆ ಮುಖ ಮಾಡಿ ನಮ್ಮ ಪೆನಾಲ್ಟಿ ಬಾಕ್ಸಿನೊಳಗೆ ಎಷ್ಟು ಸಲ ಬಂದ. ಇನ್ನೊಂದು, ಇಬ್ಬರೂ ಹೋಗಿ ಅಥವಾ ಇಬ್ಬರೂ ಹೋಗದೆ ಬಿಟ್ಟ ಚೆಂಡು ಎಷ್ಟು. ಇದಕ್ಕೆ ನಾವು ಅನಾಥ ಚೆಂಡು ಅಂತ ಹೆಸರಿಟ್ಟೆವು. ಹುಡುಗರಿಗೂ ಆ ಮಾತು ಅಂಟಿಕೊಂಡಿತು. ಈಗ ಪಂದ್ಯದ ಮಧ್ಯೆಯೇ "ಅನಾಥ, ಅನಾಥ" ಅಂತ ಕೂಗುತ್ತಾರೆ.

ಮೊದಲ ಮೂರು ವಾರದ ಲೆಕ್ಕ ಪೂರ್ತಿ ನೀರಿಗೆ ಹೋಯಿತು. ದಿನವೂ ಅದೇ ಜೋಡಿಯಿಂದ ಶುರು ಮಾಡುತ್ತಿದ್ದೆ. ಮೊದಲ ಜೋಡಿಗೆ ದಣಿಯದ ದಾಳಿಕಾರರು, ಕೊನೆಯ ಜೋಡಿಗೆ ಕಾಲು ಸೋತವರು. ಕೊನೆಯವರೇ ಸಿಂಹಗಳ ಹಾಗೆ ಕಂಡರು! ಗೊತ್ತಾದ ಮೇಲೆ ಎಲ್ಲ ಹೊಡೆದುಹಾಕಿ, ಚೀಟಿ ಎತ್ತಿ ಸರದಿ ಬದಲಿಸುತ್ತಾ ಮತ್ತೆ ಮಾಡಿದೆ. ಇದನ್ನು ಮಾಡುವವರು ಸರದಿಯ ವಿಷಯ ಮಾತ್ರ ಮರೆಯಬೇಡಿ.

ಎರಡನೇ ಸಲದ ಲೆಕ್ಕ ನೋಡಿ ನಾನೇ ಬೆಚ್ಚಿದೆ. ದುಬಾರಿ ಸ್ಟಾಪರ್ ಮತ್ತು ಹಳೆಯವನ ಜೋಡಿಗೆ ಸುತ್ತಿಗೆ 9ರಷ್ಟು ಅನಾಥ ಚೆಂಡು. ಆರರಲ್ಲಿ ಅದೇ ಕೊನೆ. ಅದೇ ದುಬಾರಿ ಹುಡುಗನ ಪಕ್ಕ ನಮ್ಮ ನಾಲ್ಕನೇ ಆಯ್ಕೆಯ ಕುಳ್ಳನನ್ನು ನಿಲ್ಲಿಸಿದರೆ ಎರಡೋ ಮೂರೋ. ಅವನ ಎತ್ತರ ಐದಡಿ ಎಂಟಂಗುಲ. ಯಾಕೆ ಅಂತ ತಿಳಿಯಲು ಒಂದು ಸಂಜೆ ಸ್ಟಾಪ್‌ವಾಚ್ ಹಿಡಿದು ಅವನ ಕತ್ತನ್ನೇ ನೋಡುತ್ತಾ ನಿಂತೆ. 10 ಸೆಕೆಂಡಿನಲ್ಲಿ ಐದಾರು ಸಲ ಹಿಂದೆ ತಿರುಗಿ ನೋಡುತ್ತಾನೆ. ಉಳಿದವರು ಒಂದೋ ಎರಡೋ ಸಲ. ಎದುರಿನವನು ಉದ್ದ ಹೊಡೆತಕ್ಕೆ ಕಾಲು ಹಿಂದೆಳೆಯುವಷ್ಟರಲ್ಲಿ ಇವನು ಆಗಲೇ ಮೂರು ಹೆಜ್ಜೆ ಹಿಂದೆ ಸರಿದಿರುತ್ತಾನೆ. ಎತ್ತರದವನು ಧೈರ್ಯವಾಗಿ ಹಾರಬಹುದು, ತಪ್ಪಿದರೆ ಹಿಂದೆ ಇವನಿದ್ದಾನೆ.

ಕಮಿಟಿಯಲ್ಲಿ ಗಲಾಟೆಯೇ ಆಯಿತು. "ಇಷ್ಟು ದುಡ್ಡು ಸುರಿದು ತಂದವನ ಪಕ್ಕ ಈ ಕುಳ್ಳನಾ?" ಅಂದರು. ನಾನು ಕನ್ನವಾರೊ ಹೆಸರು ಹೇಳಿದೆ. ಐದಡಿ ಒಂಬತ್ತಂಗುಲದ ಸ್ಟಾಪರ್. 2006ರ ವಿಶ್ವಕಪ್ ಗೆದ್ದ ಇಟಲಿಯ ನಾಯಕ. ಆ 7 ಪಂದ್ಯಗಳಲ್ಲಿ ಇಟಲಿ ಬಿಟ್ಟಿದ್ದು 2 ಗೋಲು, ಒಂದು ಅವರದೇ ಆಟಗಾರನ ಕಾಲಿಂದ, ಇನ್ನೊಂದು ಪೆನಾಲ್ಟಿ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬಾಲನ್ ಡೋರ್ ಕೂಡ ಆ ವರ್ಷ ಅವನಿಗೇ. ಐದು ಪಂದ್ಯ ಕೊಡಿ ಅಂದೆ, ಕೊಟ್ಟರು. ಮೊದಲನೆಯದನ್ನೇ 0-1ರಲ್ಲಿ ಸೋತೆವು. ಬದಲಿಸು ಅಂತ ಒತ್ತಡ ಬಂತು. ನೋಟ್‌ಬುಕ್ಕಿನಲ್ಲಿ ಆ ದಿನದ ಅನಾಥ ಚೆಂಡು 4 ಮಾತ್ರ. ನಾನು ಬದಲಿಸಲಿಲ್ಲ. ಮುಂದಿನ ನಾಲ್ಕರಲ್ಲಿ ಬಿಟ್ಟಿದ್ದು ಒಂದೇ ಗೋಲು.

ಬದಿಯವರ ವಿಷಯ ಹೆಚ್ಚೇನಿಲ್ಲ. ದಾಳಿಗೆ ಮೇಲೆ ಓಡುವ ಫುಲ್ ಬ್ಯಾಕ್ (ಬದಿಯ ಡಿಫೆಂಡರ್) ಕುಳ್ಳನ ಕಡೆ, ಮನೆ ಕಾಯುವವನು ಎತ್ತರದವನ ಕಡೆ. ನುಗ್ಗುವವನ ಪಕ್ಕ ಇನ್ನೊಬ್ಬ ನುಗ್ಗುವವನು ಬೇಡ. ಲೆಫ್ಟ್ ಬ್ಯಾಕ್‌ಗಳಿಬ್ಬರೂ ಲೆಕ್ಕದಲ್ಲಿ ಸರಿಸಮ ಬಂದಾಗ ಒಬ್ಬನನ್ನು ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಡಿಫೆನ್ಸಿನ ಸಾಲನ್ನು ಒಟ್ಟಿಗೆ ಮುಂದೆ ಸರಿಸಲು ಕುಳ್ಳ ಕೊಡುವ ಸನ್ನೆಯನ್ನೂ ಅಷ್ಟೇ. ಮುಂದಿನ ಸೀಸನ್ನಿನಲ್ಲಿ ನಮ್ಮ ಎದುರು ಆಡುವವರೂ ಇದನ್ನು ಓದುತ್ತಿರುತ್ತಾರೆ.

ನಡುವೆ ಮೂವರ ಡಿಫೆನ್ಸ್ ಕೂಡ ನೋಡಿದೆ. 2016ರಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡ ಆರ್ಸೆನಲ್ ಎದುರು 0-3 ಸೋತ ಮೇಲೆ ಅದರ ಕೋಚ್ ಕೋಂಟೆ ಮೂವರಿಗೆ ಬದಲಿಸಿ, ಲೀಗ್‌ನಲ್ಲಿ ಸತತ 13 ಪಂದ್ಯ ಗೆದ್ದಿದ್ದರಲ್ಲ, ಆ ಆಸೆ. ಎರಡು ಅಭ್ಯಾಸ ಪಂದ್ಯಕ್ಕೆ 7 ಗೋಲು ತಿಂದೆವು. ಬದಿಯಲ್ಲಿ 90 ನಿಮಿಷ ಮೇಲೆ ಕೆಳಗೆ ಓಡುವ ಕಾಲು ನಮ್ಮಲ್ಲಿಲ್ಲ. ಅಲ್ಲಿಗೇ ಬಿಟ್ಟೆ.

ಓಟ ಅಳೆಯುವ ಜಿಪಿಎಸ್ ಜಾಕೆಟ್‌ಗಳನ್ನು ಎರಡು ತಿಂಗಳು ಬಾಡಿಗೆಗೆ ತಂದಿದ್ದೆ. ಚೆಂಡು, ನೆಟ್, ಬೂಟಿಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಅರ್ಧ ಅದಕ್ಕೇ ಹೋಯಿತು. ಯಾರು ಎಷ್ಟು ಓಡಿದರು ಅಂತ ಹೇಳಿತು. ಓಡಬೇಕಿತ್ತೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಿಲ್ಲ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ಮಾತು ನಿಲ್ಲಿಸಿದ ಸುತ್ತು. ಒಂದು ದಿನ ಯಾರೂ ಬಾಯಿ ಬಿಡಬಾರದು ಅಂತ ಆಡಿಸಿದೆ. ಬೇರೆ ಜೋಡಿಗಳ ಅನಾಥ ಚೆಂಡು ದುಪ್ಪಟ್ಟಾಯಿತು. ಕುಳ್ಳನ ಜೋಡಿಯದು ಒಂದೇ ಒಂದು ಏರಿತು. ಆವತ್ತೇ ನನಗೆ ಧೈರ್ಯ ಬಂದಿದ್ದು.

ಈಗ ಹಳೆಯ ಸ್ಟಾಪರ್ ಬೇರೆ ತಂಡಕ್ಕೆ ಹೊರಟಿದ್ದಾನೆ. ಅವನ ಜಾಗಕ್ಕೆ ಬರುವವನ ಜೊತೆ ಹೊಸದಾಗಿ ಮೂರು ಜೋಡಿ ಆಗುತ್ತದೆ, 12 ಸುತ್ತು. ಸೋಮವಾರದಿಂದ ಶುರು. ದಾಳಿಗೆ ನಿಲ್ಲುವ 8 ಜನರ ಹೆಸರನ್ನು ಆಗಲೇ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.