ಸರ್ವರ್ 250 ಅಂದಿತ್ತು, ಮೇಲ್ ಮಾತ್ರ ತಲುಪಲಿಲ್ಲ

ಪ್ರತಿ ರಾತ್ರಿ ಒಂದು ವರದಿಯನ್ನು ಇಬ್ಬರಿಗೆ ಮೇಲ್ ಮಾಡುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ಮೊದಲನೆಯವರಿಗೆ ಹೋಗುತ್ತಿತ್ತು. ಸಿಸಿಯಲ್ಲಿದ್ದವರಿಗೆ ಹೋಗುತ್ತಿರಲಿಲ್ಲ. ಮೊದಲನೆಯವರ ಮೇಲ್ ತೆರೆದರೆ ಸಿಸಿ ಸಾಲಿನಲ್ಲಿ ಇವರ ವಿಳಾಸ ನೀಟಾಗಿ ಕೂತಿದೆ! ಸ್ಪ್ಯಾಮ್ ಫೋಲ್ಡರ್ ಹುಡುಕಿಸಿದೆ, ಇಲ್ಲ. ಎರಡು ದಿನ ಸುಮ್ನೆ ಅವರ ಸರ್ವರನ್ನೇ ಬೈದುಕೊಂಡೆ.

ಕೊನೆಗೆ ಪೈಥಾನ್‌ನ ಮೇಲ್ ಲೈಬ್ರರಿ ಬದಿಗಿಟ್ಟು, ಸರ್ವರ್‌ಗೆ ಹೋಗುವ ಆಜ್ಞೆಗಳನ್ನು ಕೈಯಲ್ಲೇ ಟೈಪ್ ಮಾಡಿ ನೋಡೋಣ ಅಂತ ಕೂತೆ. ಮೇಲ್ ಕಳಿಸಲು ಬಳಸುವ ಎಸ್‌ಎಂಟಿಪಿ 1982ರಿಂದ ಇರುವ ಪ್ರೋಟೋಕಾಲ್ (ಮಾತುಕತೆಯ ನಿಯಮ), ಇವತ್ತಿಗೂ ಅದು ಸಾದಾ ಅಕ್ಷರಗಳ ಮಾತುಕತೆಯೇ. ಗುಟ್ಟಿನ ಸಂಪರ್ಕ ಕಟ್ಟಿಕೊಡುವ ಓಪನ್‌ಎಸ್‌ಎಸ್‌ಎಲ್ ಅನ್ನುವ ತಂತ್ರಾಂಶ ಬಳಸಿ ನನ್ನ ಮೇಲ್ ಸರ್ವರ್‌ನ 587ನೇ ಪೋರ್ಟಿಗೆ (ಮೇಲ್ ಒಪ್ಪಿಸುವ ಬಾಗಿಲು) ಸೇರಿಕೊಂಡೆ. 'ಎಹ್ಲೊ' (ನಮಸ್ಕಾರ) ಅಂದೆ, ಸರ್ವರ್ ತನಗೆ ಏನೇನು ಬರುತ್ತದೆ ಅಂತ ಪಟ್ಟಿ ಕೊಟ್ಟಿತು. ಲಾಗಿನ್‌ಗೆ ಪಾಸ್‌ವರ್ಡನ್ನು ಬೇಸ್64ರಲ್ಲಿ ಕೊಡಬೇಕು. (ಇದು ಗುಟ್ಟಿನ ಲಿಪಿಯೇನಲ್ಲ, ಯಾರು ಬೇಕಾದರೂ ಬಿಡಿಸಬಹುದು, ಅದಕ್ಕೇ ಮೊದಲು ಸಂಪರ್ಕವನ್ನೇ ಗುಟ್ಟಾಗಿಸುವ ಟಿಎಲ್‌ಎಸ್ ಬೇಕು.) ಕಳಿಸುವವರ ವಿಳಾಸ ಹೇಳುವ 'ಮೇಲ್ ಫ್ರಮ್' ಆಯಿತು, 250, ಅಂದರೆ 'ಸರಿ' ಅಂತ ಬಂತು. ಪಡೆಯುವವರ ವಿಳಾಸ ಹೇಳುವ 'ಆರ್‌ಸಿಪಿಟಿ ಟು' ಅಂತ ದೊಡ್ಡಕ್ಷರದಲ್ಲಿ ಹೊಡೆದೆ ನೋಡಿ, ಎಲ್ಲ ಕೆಟ್ಟಿತು. ಸಾಲು ದೊಡ್ಡ 'ಆರ್' ಅಕ್ಷರದಿಂದ ಶುರುವಾದರೆ ಓಪನ್‌ಎಸ್‌ಎಸ್‌ಎಲ್ ಅದನ್ನು ತನಗೇ ಕೊಟ್ಟ ಆಜ್ಞೆ ಅಂದುಕೊಂಡು ಟಿಎಲ್‌ಎಸ್ ಮಾತುಕತೆಯನ್ನು ಮತ್ತೆ ಶುರು ಮಾಡಲು ಹೊರಡುತ್ತದೆ, ಸರ್ವರ್‌ಗೆ ಆ ಸಾಲು ತಲುಪುವುದೇ ಇಲ್ಲ. ಸಣ್ಣಕ್ಷರದಲ್ಲಿ ಹೊಡೆದರೆ ಆಯಿತು, ಎಸ್‌ಎಂಟಿಪಿಗೆ ಎರಡೂ ಒಂದೇ.

ಆಮೇಲೆ 'ಡೇಟಾ'. ಸರ್ವರ್ 354, ಅಂದರೆ 'ಸರಿ, ಬರಹ ಕಳಿಸು' ಅಂದಿತು. ಫ್ರಮ್, ಟು, ಸಿಸಿ, ವಿಷಯ, ಒಂದು ಖಾಲಿ ಸಾಲು, ಬರಹ, ಕೊನೆಗೆ ಬರೀ ಒಂದು ಚುಕ್ಕಿಯ ಸಾಲು. ಇಲ್ಲೇ ನನ್ನ ತಪ್ಪು ಕಾಣಿಸಿದ್ದು. ಮೇಲ್ ಯಾರಿಗೆ ಹೋಗಬೇಕು ಅನ್ನುವುದು 'ಆರ್‌ಸಿಪಿಟಿ'ಯಲ್ಲೇ ಮುಗಿದುಹೋಗಿದೆ, ಒಬ್ಬೊಬ್ಬರಿಗೂ ಒಂದೊಂದು ಸಾಲು. ಅದು ಲಕೋಟೆ. ಡೇಟಾದೊಳಗಿನ ಟು, ಸಿಸಿ ಎಲ್ಲ ಒಳಗಿನ ಕಾಗದದ ಮೇಲೆ ಬರೆದಿದ್ದು, ತಲುಪಿಸುವಾಗ ಅದನ್ನು ನೋಡುವುದಿಲ್ಲ. ನನ್ನ ಸ್ಕ್ರಿಪ್ಟು ಕಾಗದದಲ್ಲಿ ಇಬ್ಬರ ಹೆಸರು ಬರೆದು, ಲಕೋಟೆಯ ಮೇಲೆ ಒಬ್ಬರದ್ದೇ ಬರೆಯುತ್ತಿತ್ತು. ಬಿಸಿಸಿ ಕೆಲಸ ಮಾಡುವುದೂ ಇದೇ ಥರ ಅಲ್ವಾ, ಲಕೋಟೆಯಲ್ಲಿ ಹೆಸರು ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ.

ಚುಕ್ಕಿಯ ನಂತರ ಬರುವ 250ನ್ನು ನಾನು 'ತಲುಪಿತು' ಅಂತ ಓದುತ್ತಿದ್ದೆ. ಅದರ ಅರ್ಥ 'ತಗೊಂಡೆ, ಇನ್ನು ನನ್ನ ಹೊಣೆ' ಅಂತ ಅಷ್ಟೇ. ಆಮೇಲೆ ನನ್ನ ಸರ್ವರ್ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ಟಿನ ವಿಳಾಸ ಪುಸ್ತಕ) ಪಡೆಯುವವರ ಡೊಮೈನ್‌ನ ಎಂಎಕ್ಸ್ ದಾಖಲೆ, ಅಂದರೆ ಅದರ ಮೇಲ್ ತಗೊಳ್ಳುವ ಸರ್ವರ್ ಯಾವುದು ಅಂತ ಹುಡುಕಿ, 25ನೇ ಪೋರ್ಟಿನಲ್ಲಿ ಆಚೆಯ ಸರ್ವರ್ ಜೊತೆ ಇದೇ ಮಾತುಕತೆ ಮತ್ತೆ ನಡೆಸುತ್ತದೆ. 4ರಿಂದ ಶುರುವಾಗುವ ಉತ್ತರ ಬಂದರೆ ಸರದಿಯಲ್ಲಿಟ್ಟು ಮತ್ತೆ ಯತ್ನಿಸುತ್ತದೆ. 5 ಬಂದರೆ ಕೈಬಿಟ್ಟು, ಲಕೋಟೆಯಲ್ಲಿರುವ ಕಳಿಸಿದವರ ವಿಳಾಸಕ್ಕೆ ಮೇಲ್ ವಾಪಸ್ ಬಂದ ಸುದ್ದಿ ಕಳಿಸುತ್ತದೆ.

ಹುಮ್ಮಸ್ಸಿನಲ್ಲಿ 993ನೇ ಪೋರ್ಟಿನ ಐಮ್ಯಾಪ್‌ಗೂ (ಬಂದ ಮೇಲ್ ಓದುವ ಪ್ರೋಟೋಕಾಲ್) ಕೈ ಹಾಕಿದೆ. ಅಲ್ಲಿ ಪ್ರತಿ ಆಜ್ಞೆಯ ಮುಂದೆ ಎ1, ಎ2 ಅಂತ ಗುರುತು ಹಾಕಬೇಕು, ಯಾವ ಉತ್ತರ ಯಾವುದಕ್ಕೆ ಅಂತ ತಿಳಿಯಲಿ ಅಂತ. ನನ್ನ ಇನ್‌ಬಾಕ್ಸ್ ತೆರೆದು 'ಫೆಚ್ ಬಾಡಿ' ಅಂತ ಒಂದೇ ಏಟಿಗೆ ಎಲ್ಲ ತರಿಸಿದೆ. ಓದದೆ ಇಟ್ಟಿದ್ದ ಮೇಲ್‌ಗಳೆಲ್ಲ ಓದಿದಂತೆ ಗುರುತಾಗಿಬಿಟ್ಟವು! 'ಬಾಡಿ ಪೀಕ್' ಅಂತ ಕೇಳಬೇಕಿತ್ತು, ಅದು ಗುರುತು ಹಾಕುವುದಿಲ್ಲ. ಸ್ಕ್ರಿಪ್ಟು ಒಂದೇ ಸಾಲಿನಲ್ಲಿ ಸರಿಹೋಯಿತು, ಯಾವ ಮೇಲ್ ಓದಿಲ್ಲ ಅಂತ ಹುಡುಕುವುದರಲ್ಲಿ ಮಾತ್ರ ಒಂದು ಸಂಜೆ ಹೋಯಿತು.