ಸ್ಪೆಂಟ್ ವಾಶ್ ಹನಿಯಲ್ಲಿ ಪ್ಯಾರಮೀಸಿಯಂ: ಪರೀಕ್ಷೆ ಮಾಡುವುದು ಹೇಗೆ?

ನಮ್ಮ ಮುಧೋಳದ ಕಡೆ ಕಬ್ಬು ಅಂದ್ರೆ ಈಗ ಬರೀ ಸಕ್ಕರೆ ಅಲ್ಲ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಕೂಡ. ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಒಂದು ಲೀಟರ್ ಎಥೆನಾಲ್ ತೆಗೆದರೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಎಂಬ ತ್ಯಾಜ್ಯ ನೀರು ಉಳಿಯುತ್ತದೆ. ಕಡು ಕಂದು ಬಣ್ಣ, ಮೂಗು ಮುಚ್ಚಿಸುವ ವಾಸನೆ, ಪಿಎಚ್ 4ರ ಆಸುಪಾಸು, ಅಂದ್ರೆ ಆಮ್ಲೀಯ. ಪಿಯು ಮಕ್ಕಳಿಗೆ ಇದರ ವಿಷ ತೋರಿಸಲು ನಾನು ಮೀನು ಸಾಯಿಸುವುದಿಲ್ಲ. ನೀರಿನಲ್ಲಿರುವ ಏಕಕೋಶ ಜೀವಿ ಪ್ಯಾರಮೀಸಿಯಂ ಸಾಕು.

ಮೊದಲು ಜೀವಿ ಬೆಳೆಸಿ. ಒಣ ಹುಲ್ಲು ಕುದಿಸಿ ಆರಿಸಿ, ಅದಕ್ಕೆ ಒಂದು ಲೋಟ ಕೆರೆ ನೀರು ಸೇರಿಸಿ, ಬಟ್ಟೆ ಮುಚ್ಚಿ ನೆರಳಲ್ಲಿಡಿ. ವಾರದೊಳಗೆ ಚಪ್ಪಲಿಯಾಕಾರದ ಜೀವಿಗಳು ಓಡಾಡುತ್ತವೆ. ನಲ್ಲಿ ನೀರು ಮಾತ್ರ ಬೇಡ, ಕ್ಲೋರಿನ್ ಇರುತ್ತದೆ.

ಸ್ಪೆಂಟ್ ವಾಶನ್ನು ಕಾರ್ಖಾನೆಯವರ ಒಪ್ಪಿಗೆ ಪಡೆದೇ ತನ್ನಿ. ಸುಮ್ನೆ ಹಳ್ಳದಲ್ಲಿ ಬಾಟಲಿ ಅದ್ದಿದರೆ ಅದರಲ್ಲಿ ಏನೇನು ಬೆರೆತಿದೆಯೋ ಯಾರಿಗೆ ಗೊತ್ತು? ಕೈಗವಸು ಹಾಕಿಕೊಳ್ಳಿ. ಉಳಿದದ್ದನ್ನು ಚರಂಡಿಗೆ ಸುರಿಯದೆ, ಅವರಿಗೇ ವಾಪಸ್ ಕೊಡಿ.

ಈಗ ಶೇ 1, 2, 5, 10ರ ದ್ರಾವಣ ಮಾಡಿ. ಬೆರೆಸುವುದು ಸೋಸಿದ ಅದೇ ಹುಲ್ಲಿನ ನೀರಿನಲ್ಲಿ. ಬೇರೆ ನೀರು ಹಾಕಿದರೆ ಜೀವಿ ಒದ್ದಾಡುವುದು ನೀರು ಬದಲಾಗಿದ್ದಕ್ಕೋ, ತ್ಯಾಜ್ಯಕ್ಕೋ ತಿಳಿಯುವುದಿಲ್ಲ. ಏನೂ ಬೆರೆಸದ ಒಂದು ಲೋಟವೂ ಪಕ್ಕದಲ್ಲಿರಲಿ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇನ್ನೊಂದಿದೆ. ಪ್ರತಿ ದ್ರಾವಣವನ್ನೂ ಎರಡು ಪಾಲು ಮಾಡಿ, ಒಂದಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ ಪಿಎಚ್ 7ಕ್ಕೆ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ತನ್ನಿ. ನೊರೆ ಅಡಗುವವರೆಗೆ ಕಾಯಿರಿ. ಸೋಡಾ ಹಾಕದ ಪಾಲಿನಲ್ಲಿ ಮಾತ್ರ ಜೀವಿ ಸತ್ತರೆ ಮುಖ್ಯ ಅಪರಾಧಿ ಆಮ್ಲ. ಎರಡರಲ್ಲೂ ಸತ್ತರೆ ಬೇರೇನೋ ಇದೆ, ಅಲ್ವಾ?

ಪ್ರತಿ ಪಾಲಿಗೂ, ಏನೂ ಬೆರೆಸದ ಲೋಟಕ್ಕೂ ಜೀವಿಗಳಿರುವ ಹುಲ್ಲಿನ ನೀರನ್ನು ಒಂದೇ ಅಳತೆಯಲ್ಲಿ ಬಿಡಿ. ಸ್ಲೈಡಿನ ಮೇಲೆ ಹತ್ತಿಯ ಎರಡು ಎಳೆ ಇಡಿ, ಜೀವಿಗಳ ಓಟ ನಿಧಾನವಾಗುತ್ತದೆ. ಅದರ ಮೇಲೆ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ದೊಡ್ಡದು ಮಾಡಿ ನೋಡಿ. ಸತ್ತವನ್ನು ಎಣಿಸುವ ಮೊದಲು ಈಜುವ ರೀತಿ ಗಮನಿಸಿ. ಸ್ಪೆಂಟ್ ವಾಶಿನಲ್ಲಿ ಪೊಟ್ಯಾಸಿಯಂ ಬಹಳ ಇರುತ್ತದೆ. ಪೊಟ್ಯಾಸಿಯಂ ಏರಿದರೆ ಮೈಮೇಲಿನ ಕೂದಲಿನಂಥ ಲೋಮಾಂಗಗಳು ಉಲ್ಟಾ ಬೀಸಿ, ಜೀವಿ ರಿವರ್ಸ್ ಗೇರಿನಲ್ಲಿ ಹಿಂದಕ್ಕೆ ಓಡುತ್ತದೆ. ಗಾಢ ದ್ರಾವಣಕ್ಕೆ ಬಿಟ್ಟ ತಕ್ಷಣ ಇದಕ್ಕಾಗಿ ಕಣ್ಣಿಟ್ಟಿರಿ. ಅನುಮಾನವಿದ್ದರೆ ಒಂದು ಲೀಟರ್ ಹುಲ್ಲಿನ ನೀರಿಗೆ ಎರಡು ಗ್ರಾಂ ಪೊಟ್ಯಾಷ್ ಗೊಬ್ಬರ ಕರಗಿಸಿ ಹೋಲಿಸಿ. ಮಕ್ಕಳಿಗೆ ಇದು ಸಾವಿಗಿಂತ ಜಾಸ್ತಿ ನೆನಪಿರುತ್ತದೆ.

ಆಮೇಲೆ ಸಂಕೋಚನ ರಸದಾನಿ, ಅಂದ್ರೆ ಒಳಗಿನ ಹೆಚ್ಚುವರಿ ನೀರನ್ನು ಹೊರಹಾಕುವ ಚೀಲ, ನೋಡಿ. ಅದು ಉಬ್ಬಿ ಕುಗ್ಗುವ ಲಯ ನಿಧಾನವಾಗಿದೆಯೇ? ಮೈ ಗುಂಡಗಾಗಿ ಗುಳ್ಳೆ ಎದ್ದಿದೆಯೇ? ಹಾಗಿದ್ದರೆ ಅದು ಉಳಿಯುವುದು ಕಷ್ಟ.

ಎಣಿಕೆ ಒಂದು ಗಂಟೆಯಾದ ಮೇಲೆ ಒಮ್ಮೆ, 24 ಗಂಟೆಯಾದ ಮೇಲೆ ಇನ್ನೊಮ್ಮೆ ಮಾಡಿದರೆ ಸಾಕು. ಅದಕ್ಕಿಂತ ತಡವಾದರೆ ತೆಳು ದ್ರಾವಣದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ, ಅವನ್ನು ತಿಂದು ಪ್ಯಾರಮೀಸಿಯಂ ಸಂಖ್ಯೆ ಏರಬಹುದು. ಅದನ್ನು ನೋಡಿ 'ವಿಷವೇ ಇಲ್ಲ' ಎಂದು ಬರೆದುಬಿಡಬೇಡಿ.